ಪಾರ್ಶ್ವವಾಯುವಿನ ಬಳಿಕ ಪುನಶ್ಚೇತನ: ಅರಿವು ಕುಂದಿದವರಲ್ಲಿ

ಪಾರ್ಶ್ವವಾಯು (ಆಡುಮಾತಿನಲ್ಲಿ ಲಕ್ವ) ಹೊಡೆದಾಗ ಕೈಕಾಲಿನ ಸ್ವಾಧೀನ ತಪ್ಪಿದ್ದು ಎಲ್ಲರಿಗೂ ಕಾಣುತ್ತದೆ. ನೆನಪು, ಗಮನ, ಮುಂದಾಲೋಚನೆ ಕುಂದಿದ್ದು ಎಷ್ಟೋ ಸಲ ಮನೆಗೆ ಬಂದ ಮೇಲೆ, ಒಂದೇ ಮಾತ್ರೆಯನ್ನು ಎರಡು ಸಲ ನುಂಗಿದಾಗ ಗೊತ್ತಾಗುತ್ತದೆ. ಇಂಥವರಿಗೆ ತರಬೇತಿ ಕೊಟ್ಟು ಫಲವಿಲ್ಲ ಎಂದು ಕೈಬಿಡುವ ರೂಢಿಗೆ ಆಧಾರ ಸಾಲದು. ಚೇತರಿಕೆ ನಿಧಾನ, ನಿಜ. ಆದರೆ ಕಲಿಸುವ ಕ್ರಮ ಬದಲಾದರೆ ಕಲಿಕೆ ಸಾಧ್ಯ.

ಅಳತೆಯಲ್ಲೇ ಒಂದು ತೊಡಕಿದೆ. 1965ರ ಬಾರ್ತೆಲ್ ಸೂಚ್ಯಂಕ ಊಟ, ಸ್ನಾನ, ನಡಿಗೆಯಂಥ 10 ಕೆಲಸಗಳಿಗೆ 100 ಅಂಕ ಇಡುತ್ತದೆ. ಅರಿವಿಗೆ ಒಂದೂ ಇಲ್ಲ. 2005ರಲ್ಲಿ ಪ್ರಕಟವಾದ, ಕನ್ನಡದಲ್ಲೂ ದೊರೆಯುವ 30 ಅಂಕಗಳ ಮೋಕಾ ಪರೀಕ್ಷೆ ಅರಿವನ್ನು ನೋಡುತ್ತದೆ. ಆದರೆ ಮಾತೇ ನಿಂತವರಲ್ಲಿ ಕಡಿಮೆ ಅಂಕ ಬಂದರೆ ಬುದ್ಧಿ ಮಂಕಾಗಿದೆ ಎನ್ನಲಾಗದು.

ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಭಾಗದ ಜಗತ್ತೇ ಇಲ್ಲವಾಗುತ್ತದೆ. ಬಾಳೆಲೆಯ ಬಲಗಡೆ ಬಡಿಸಿದ್ದೆಲ್ಲ ಖಾಲಿ, ಎಡತುದಿಯ ಉಪ್ಪು, ಉಪ್ಪಿನಕಾಯಿ ಇಟ್ಟಂತೆಯೇ ಇರುತ್ತವೆ. ಎಲೆ ತಿರುಗಿಸಿಟ್ಟರೆ ಅವೂ ಕಾಣುತ್ತವೆ. ಇದು ಕಣ್ಣಿನ ದೋಷವಲ್ಲ. 1978ರಲ್ಲಿ ಬಿಸಿಯಾಕ್ ಮತ್ತು ಲುಜ್ಜಾಟಿ ಇಟಲಿಯ ಇಬ್ಬರು ರೋಗಿಗಳಿಗೆ ಮಿಲಾನಿನ ಕೆಥೆಡ್ರಲ್ ಚೌಕವನ್ನು ಮನಸ್ಸಿನಲ್ಲೇ ನೋಡಲು ಹೇಳಿದರು. ಕೆಥೆಡ್ರಲಿಗೆ ಎದುರಾಗಿ ನಿಂತಂತೆ ಊಹಿಸಿದಾಗ ಬಲಗಡೆಯ ಕಟ್ಟಡಗಳೇ ನೆನಪಾದವು. ಅದಕ್ಕೆ ಬೆನ್ನು ಹಾಕಿ ನಿಂತಂತೆ ಊಹಿಸಿದಾಗ ಮೊದಲು ಬಿಟ್ಟುಹೋದವು ಬಂದವು, ಹೇಳಿದವು ಮಾಯವಾದವು. ಇಂಥವರಿಗೆ ಪುಟದ ಎಡ ಅಂಚಿನಲ್ಲಿ ಕೆಂಪು ಗೆರೆ ಎಳೆದು, ಪ್ರತಿ ಸಾಲಿಗೂ ಅದನ್ನು ಹುಡುಕಿಯೇ ಓದಲು ಅಭ್ಯಾಸ ಮಾಡಿಸುತ್ತಾರೆ. ಗಾಲಿಕುರ್ಚಿಯ ಎಡಗಡೆ ಬ್ರೇಕಿನ ಹಿಡಿಗೂ ಬಣ್ಣದ ಪಟ್ಟಿ ಸುತ್ತುವುದುಂಟು. ಬ್ರೇಕ್ ಹಾಕಲು ಮರೆತು ಎದ್ದರೆ ಬೀಳುವ ಅಪಾಯವಿದೆ.

ನಿನ್ನೆ ಯಾರು ಬಂದಿದ್ದರೆಂದು ಹೇಳಲಾಗದವರೂ ಕೈಗೆ ಪಳಗಿದ ಕೆಲಸವನ್ನು ಉಳಿಸಿಕೊಳ್ಳಬಲ್ಲರು. ಆ ನೆನಪಿನ ದಾರಿಯೇ ಬೇರೆ. ಬ್ಯಾಡ್ಲಿ ಮತ್ತು ವಿಲ್ಸನ್ 1994ರಲ್ಲಿ ತೋರಿಸಿದಂತೆ, ಮರೆವಿನವರಿಗೆ ಊಹಿಸಿ ತಪ್ಪಲು ಬಿಡದೆ ಕಲಿಸಿದರೆ ಹೆಚ್ಚು ಉಳಿಯುತ್ತದೆ, ಏಕೆಂದರೆ ಮಾಡಿದ ತಪ್ಪೇ ಮನಸ್ಸಿನಲ್ಲಿ ಕೂರುತ್ತದೆ. ಅಂಗಿ ತೊಡುವಾಗ ಬಿದ್ದ ಕೈ ಮೊದಲು, ಕಳಚುವಾಗ ಅದೇ ಕೊನೆಗೆ: ಈ ಕ್ರಮವನ್ನು ದಿನವೂ ಅದೇ ಮಾತಿನಲ್ಲಿ ಹೇಳಿಕೊಟ್ಟು, ನೆರವನ್ನು ಹಂತ ಹಂತವಾಗಿ ತಗ್ಗಿಸುತ್ತಾರೆ. “ಮುಂದೇನು, ನೀವೇ ಹೇಳಿ” ಎಂದು ಪರೀಕ್ಷಿಸುವ ಮನೆಯವರನ್ನು ಥೆರಪಿಸ್ಟ್ ತಡೆಯುವುದು ಇದಕ್ಕೇ.

ಆಸ್ಪತ್ರೆಯಲ್ಲಿ ಕಲಿತದ್ದು ತಾನಾಗಿ ಮನೆಗೆ ಬರುವುದಿಲ್ಲ. ಹಾಗಾಗಿ ಸ್ನಾನದ ಅಭ್ಯಾಸ ಅವರದೇ ಬಚ್ಚಲಲ್ಲಿ, ಅವರದೇ ಚೊಂಬು ಹಿಡಿದು ನಡೆಯಬೇಕು.