ಅರಿವಳಿಕೆ ತಂಡದ ವೈದ್ಯೇತರ ಸಿಬ್ಬಂದಿ: ಪಾತ್ರ ಮತ್ತು ಮೇಲ್ವಿಚಾರಣೆ

ಹೊಸಪೇಟೆ, ಹಂಪಿ, ಸಂಡೂರು ಹಾಗೂ ಕಂಪ್ಲಿ ಭಾಗದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗುವ ರೋಗಿಗಳು ಮತ್ತು ಅವರ ಸಂಬಂಧಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

ಅರಿವಳಿಕೆ ನೀಡುವುದು ವೈದ್ಯರ ಕಾರ್ಯ. ಸಾಮಾನ್ಯವಾಗಿ ಅರಿವಳಿಕೆ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ ಪಡೆದ ತಜ್ಞರು ಇದನ್ನು ನಿರ್ವಹಿಸುತ್ತಾರೆ. ತಜ್ಞರ ಕೊರತೆಯಿರುವೆಡೆ ತುರ್ತು ಹೆರಿಗೆ ಶಸ್ತ್ರಚಿಕಿತ್ಸೆಗಾಗಿ ಎಂ.ಬಿ.ಬಿ.ಎಸ್. ವೈದ್ಯರಿಗೆ ಜೀವರಕ್ಷಕ ಅರಿವಳಿಕೆ ಕೌಶಲ ತರಬೇತಿ ನೀಡಲಾಗುತ್ತದೆ. ಅವರೂ ನೋಂದಾಯಿತ ವೈದ್ಯರೇ ಆಗಿರುತ್ತಾರೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ವಿಶೇಷ ತರಬೇತಿ ಹೊಂದಿದ ಶುಶ್ರೂಷಕರು ಸ್ವತಂತ್ರವಾಗಿ ಅರಿವಳಿಕೆ ನೀಡಬಹುದಾಗಿದೆ. ನಮ್ಮಲ್ಲಿ ಅದಕ್ಕೆ ಅವಕಾಶವಿಲ್ಲ.

ಆದಾಗ್ಯೂ ಅರಿವಳಿಕೆ ತಂತ್ರಜ್ಞರ ಕೆಲಸವನ್ನು ಲಘುವಾಗಿ ಎಣಿಸಲಾಗದು. ರೋಗಿಯನ್ನು ಒಳಗೆ ಕರೆತರುವ ಮುನ್ನವೇ ಅವರು ಅರಿವಳಿಕೆ ಯಂತ್ರ, ಆಮ್ಲಜನಕದ ಸಿಲಿಂಡರ್, ಕಫ ಹೀರುವ ಸಾಧನ ಹಾಗೂ ಉಸಿರಾಟದ ಕೊಳವೆಗಳನ್ನು ಪರಿಶೀಲಿಸಿ ಸಿದ್ಧಗೊಳಿಸುತ್ತಾರೆ. ಶಸ್ತ್ರಚಿಕಿತ್ಸೆಯ ಅವಧಿಯಲ್ಲಿ ನಾಡಿಬಡಿತ, ರಕ್ತದೊತ್ತಡ ಮತ್ತು ಪಲ್ಸ್ ಆಕ್ಸಿಮೀಟರ್ ಸೂಚಿಸುವ ಆಮ್ಲಜನಕದ ಪ್ರಮಾಣವನ್ನು ಗಮನಿಸುವಲ್ಲಿ ವೈದ್ಯರಿಗೆ ನೆರವಾಗುತ್ತಾರೆ. ಔಷಧದ ಆಯ್ಕೆ, ಪ್ರಮಾಣ ಮತ್ತು ಹೊಣೆ ವೈದ್ಯರದು. ಅರಿವಳಿಕೆ ವೈದ್ಯರು ರೋಗಿಯನ್ನು ತಂತ್ರಜ್ಞರಿಗೆ ಒಪ್ಪಿಸಿ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಹೊರಹೋಗತಕ್ಕದ್ದಲ್ಲ.

ಕೊನೆಯ ಬಾರಿ ಆಹಾರ ಸೇವಿಸಿದ್ದು ಯಾವಾಗ, ಕಟ್ಟಿಸಿಕೊಂಡ ಹಲ್ಲು ಇದೆಯೇ, ಯಾವ ಔಷಧ ಒಗ್ಗುವುದಿಲ್ಲ ಎಂದು ಬಹುತೇಕ ಸಿಬ್ಬಂದಿಯೇ ಮೊದಲು ವಿಚಾರಿಸುತ್ತಾರೆ. ಬೆಳಿಗ್ಗೆ ಚಹಾ ಕುಡಿದಿದ್ದನ್ನು, ಶಸ್ತ್ರಚಿಕಿತ್ಸೆ ಮುಂದೆ ಹೋದೀತೆಂಬ ಭಯದಿಂದ, ಮರೆಮಾಚುವವರಿದ್ದಾರೆ. ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಸೇರಿದರೆ ಪ್ರಾಣಾಪಾಯ ಉಂಟಾಗಬಹುದಾದ್ದರಿಂದ ನಿಜವನ್ನೇ ತಿಳಿಸತಕ್ಕದ್ದು.

ಅರಿವಳಿಕೆ ತಂತ್ರಜ್ಞರ ವೃತ್ತಿಯು 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಅಧಿನಿಯಮದ ಅನುಸೂಚಿಯಲ್ಲಿ ಸೇರಿದೆ. ಇದು ವೈದ್ಯವೃತ್ತಿಯ ಪರವಾನಗಿಯಲ್ಲ. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸುವುದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಧಿನಿಯಮದ 34ನೇ ಪ್ರಕರಣದಡಿ ದಂಡನೀಯ.

ಹಸಿರು ನಿಲುವಂಗಿ ಧರಿಸಿದವರೆಲ್ಲರೂ ರೋಗಿಯ ಕಣ್ಣಿಗೆ ಡಾಕ್ಟರರಾಗಿಯೇ ಕಾಣುವುದು ಸಹಜ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಅರಿವಳಿಕೆ ನೀಡುವ ವೈದ್ಯರ ಹೆಸರು ಮತ್ತು ವಿದ್ಯಾರ್ಹತೆಯನ್ನು ಸಂಕೋಚವಿಲ್ಲದೆ ಕೇಳಬಹುದು. ನಂತರ ಸಂದೇಹ ಉಂಟಾದಲ್ಲಿ ಚಿಕಿತ್ಸಾ ದಾಖಲೆಗಳ ಪ್ರತಿಗಾಗಿ ಲಿಖಿತವಾಗಿ ಕೋರಬೇಕು. ಕೋರಿದ 72 ಗಂಟೆಗಳೊಳಗೆ ಅವುಗಳನ್ನು ಒದಗಿಸಬೇಕಾಗುತ್ತದೆ.

ಖಾಸಗಿ ಆಸ್ಪತ್ರೆಗಳ ವಿರುದ್ಧದ ದೂರುಗಳನ್ನು, ದಾಖಲೆಗಳ ಪ್ರತಿ ಲಗತ್ತಿಸಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಕಾರಣ ಹೊಸಪೇಟೆ ಮತ್ತು ಹಂಪಿಯ ಆಸ್ಪತ್ರೆಗಳ ಕುರಿತ ದೂರುಗಳನ್ನು ಹೊಸಪೇಟೆಯಲ್ಲಿ ನೀಡತಕ್ಕದ್ದು. ಸಂಡೂರು, ಕಂಪ್ಲಿಯ ಆಸ್ಪತ್ರೆಗಳ ಕುರಿತಾದವನ್ನು, ಅಲ್ಲಿನವರಿಗೆ ಹೊಸಪೇಟೆ ಹತ್ತಿರವಾದರೂ, ಬಳ್ಳಾರಿಯಲ್ಲಿಯೇ ಸಲ್ಲಿಸಬೇಕಾಗುತ್ತದೆ.