ಸೆರೆಮನೆಯ ಕೌದಿಗಳು

ಕೌದಿ ಎಂಬ ಮಾತು ಕಿವಿಗೆ ಬಿದ್ದೊಡನೆ ಉತ್ತರ ಕರ್ನಾಟಕದವರ ಮನಸ್ಸಿನಲ್ಲಿ ಬೆಚ್ಚನೆಯ ಭಾವವೊಂದು ಮೂಡುತ್ತದೆ. ತಾಯಿಯ ಹಳೆಯ ಸೀರೆ, ತಂದೆಯ ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ—ಇವೆಲ್ಲ ಪದರು ಪದರಾಗಿ ಕೂಡಿ, ದಪ್ಪ ದಾರದ ಟಾಕುಗಳಲ್ಲಿ ಬಿಗಿದುಕೊಂಡು, ಮತ್ತೆ ಒಂದು ಹೊದಿಕೆಯಾಗಿ ಹುಟ್ಟುತ್ತವೆ. ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಆರಂಭಿಸಿ, ಸುತ್ತು ಬಳಸುತ್ತ ನಡುವಿನವರೆಗೆ ಹೊಲಿಯುತ್ತಾರೆ. ಮೂಲೆಗಳಿಗೆ ಬಟ್ಟೆಯ ಚಿಕ್ಕ ಚಿಕ್ಕ ತುಣುಕುಗಳನ್ನು ಇಡುತ್ತಾರೆ. ಅವುಗಳಿಗೆ ‘ಫುಲ’ ಎಂದು ಹೆಸರು. ಹೂ ಎಂದೇ ಅರ್ಥ. ಆ ಹೂವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಭಾವನೆ. ಚಳಿ ಕಳೆಯಲು ಹೂ ಬೇಕಿಲ್ಲ, ನಿಜ. ಆದರೆ ಹೊದೆಯುವವನಿಗಾಗಿ ಹೊಲಿದವಳ ಮನಸ್ಸು ಅಲ್ಲಿದೆ ಎಂಬುದಕ್ಕೆ ಆ ಹೂವೇ ಸಾಕ್ಷಿ.

ಕಷ್ಟದಲ್ಲಿರುವವರಿಗೆ ಹೊದಿಕೆ ಹೊಲಿದುಕೊಡುವ ಪದ್ಧತಿ ಅನೇಕ ದೇಶಗಳಲ್ಲಿ ಉಂಟು. ಹೊಲಿಯುವವರು ಸಾಮಾನ್ಯವಾಗಿ ನೆಮ್ಮದಿಯಲ್ಲಿರುತ್ತಾರೆ, ಪಡೆಯುವವರು ಕಷ್ಟದಲ್ಲಿರುತ್ತಾರೆ. ಹೊಲಿಯುವವರೇ ಕಷ್ಟದ ನಡುವೆ ಕುಳಿತು, ತಮಗಿಂತ ಹೆಚ್ಚು ನೊಂದವರಿಗಾಗಿ ಸೂಜಿ ಹಿಡಿದ ಒಂದು ಪ್ರಸಂಗವನ್ನು ಈ ಹೊತ್ತು ನಿಮ್ಮೆದುರು ಇಡಬೇಕೆಂದಿದ್ದೇನೆ. ಅದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸಿಂಗಪುರದ ಚಾಂಗಿ ಸೆರೆಮನೆಯಲ್ಲಿ ನಡೆದದ್ದು.

1942ನೆಯ ಇಸವಿ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಅಭೇದ್ಯವೆಂದು ಬ್ರಿಟಿಷರು ಹೇಳಿಕೊಳ್ಳುತ್ತಿದ್ದ ಕೋಟೆ ಅದು. ಬ್ರಿಟಿಷ್, ಆಸ್ಟ್ರೇಲಿಯನ್ ಸೈನಿಕರೂ ನಮ್ಮ ದೇಶದ ಹತ್ತಾರು ಸಾವಿರ ಸಿಪಾಯಿಗಳೂ ಬಂದಿಗಳಾದರು. ಸೈನಿಕರಲ್ಲದ ಯುರೋಪಿಯನ್ನರನ್ನೂ ಬಿಡಲಿಲ್ಲ. ಮಾರ್ಚ್ ತಿಂಗಳ ಸುಡುಬಿಸಿಲಿನಲ್ಲಿ ಹೆಂಗಸರು ಮಕ್ಕಳು ಎಂಟೊಂಬತ್ತು ಮೈಲಿ ನಡೆದು ಚಾಂಗಿ ಸೆರೆಮನೆಯ ಬಾಗಿಲಿಗೆ ಬಂದರು. 1936ರಲ್ಲಿ ಅದನ್ನು ಕಟ್ಟಿದವರು ಬ್ರಿಟಿಷರೇ. ಸುಮಾರು ಆರುನೂರು ಕೈದಿಗಳಿಗೆಂದು ಕಟ್ಟಿದ ಆ ಕಟ್ಟಡದಲ್ಲಿ ಈಗ ಎರಡು ಸಾವಿರಕ್ಕೂ ಹೆಚ್ಚು ಮಂದಿ ತುಂಬಿದರು. ಹೆಂಗಸರು ಮಕ್ಕಳು ಸೇರಿ ಸುಮಾರು ನಾನೂರು. ಅವರ ಗಂಡಂದಿರಲ್ಲಿ ಕೆಲವರು ಅದೇ ಸೆರೆಮನೆಯ ಗೋಡೆಯಾಚೆ ಇದ್ದರು. ಸೈನ್ಯದಲ್ಲಿದ್ದವರು ಸಮೀಪದ ಸೈನಿಕ ಶಿಬಿರಗಳಲ್ಲಿ ಇದ್ದರು. ಯಾರು ಬದುಕಿದ್ದಾರೆ, ಯಾರು ಇಲ್ಲ ಎಂಬುದು ಒಬ್ಬರಿಗೊಬ್ಬರಿಗೆ ತಿಳಿಯದು. ಕಾಗದ ಬರೆಯುವಂತಿಲ್ಲ, ಮಾತನಾಡುವಂತಿಲ್ಲ.

ಈ ಹೆಂಗಸರ ನಡುವೆ ಎಥೆಲ್ ಮಲ್ವಾನಿ ಎಂಬ ಕೆನಡಾದೇಶದ ಮಹಿಳೆ ಇದ್ದಳು. ಸೈನ್ಯದ ವೈದ್ಯನ ಹೆಂಡತಿ. ಯುದ್ಧಕ್ಕೆ ಮೊದಲು ನಮ್ಮ ದೇಶದಲ್ಲಿಯೂ ಕೆಲವು ವರ್ಷ ಸಂಸಾರ ಮಾಡಿದ್ದವಳು. ಶಿಬಿರದಲ್ಲಿ ರೆಡ್‌ಕ್ರಾಸ್ ಪ್ರತಿನಿಧಿಯ ಕೆಲಸ ಅವಳದಾಗಿತ್ತು. ಆಸ್ಪತ್ರೆಯಲ್ಲಿರುವ ಗಾಯಾಳುಗಳಿಗಾಗಿ ಹೆಂಗಸರೆಲ್ಲ ಸೇರಿ ಕೌದಿ ಹೊಲಿಯಬೇಕೆಂಬುದು ಅವಳ ಯೋಚನೆ. ಒಬ್ಬೊಬ್ಬರಿಗೂ ಆರು ಅಂಗುಲದ ಚೌಕಾಕಾರದ ಬಿಳಿಯ ಬಟ್ಟೆಯ ತುಂಡು ಕೊಡುವುದು. ಅದರ ಮೇಲೆ ತಮ್ಮ ಹೆಸರನ್ನೂ ತಮ್ಮದೆನ್ನಬಹುದಾದ ಏನಾದರೊಂದನ್ನೂ ಕಸೂತಿಯಲ್ಲಿ ತೆಗೆಯುವಂತೆ ಹೇಳುವುದು. ಅರವತ್ತಾರು ತುಂಡುಗಳನ್ನು ಕೂಡಿಸಿದರೆ ಒಂದು ಕೌದಿ. ಹೀಗೆ ಮಾರ್ಚಿಯಿಂದ ಆಗಸ್ಟಿನೊಳಗೆ ಮೂರು ಕೌದಿಗಳು ಸಿದ್ಧವಾದವು. ಒಂದು ಬ್ರಿಟಿಷ್ ಗಾಯಾಳುಗಳಿಗೆ, ಒಂದು ಆಸ್ಟ್ರೇಲಿಯದ ಗಾಯಾಳುಗಳಿಗೆ. ಮೂರನೆಯದು—ಕೇಳಿದವರು ಇಲ್ಲಿ ಒಂದು ಕ್ಷಣ ನಿಲ್ಲುತ್ತಾರೆ—ಜಪಾನಿನ ಗಾಯಾಳುಗಳಿಗೆ.

ಆ ತುಂಡುಗಳ ಮೇಲೆ ಏನೇನು ಮೂಡಿತ್ತೆಂಬುದನ್ನು ನೋಡಿದರೆ, ಮನುಷ್ಯನ ಮನಸ್ಸು ಎಷ್ಟು ವಿಧವಾಗಿ ದುಃಖವನ್ನು ಎದುರಿಸಬಲ್ಲುದೆಂಬುದು ಅರ್ಥವಾಗುತ್ತದೆ. ಹೂಗಳು ಹೇರಳ. ಊರಿಗೆ ಒಯ್ಯುವ ಹಡಗುಗಳು, ತವರಿನ ನಕ್ಷೆಗಳು, ವಿಜಯವನ್ನು ಸೂಚಿಸುವ ‘ವಿ’ ಅಕ್ಷರ, ಮಕ್ಕಳ ಕಥೆಯ ಕುಳ್ಳರು ಕೂಡ ಇದ್ದಾರೆ. ಒಬ್ಬಳು ಸೆರೆಮನೆಯನ್ನೇ ಚಿತ್ರಿಸಿ, ಅದನ್ನು ರಜಾದಿನಗಳ ವಿಹಾರಗೃಹವೆಂದು ಕರೆದಳು. ಅಳಬೇಕಾದಲ್ಲಿ ನಗುವುದೂ ಒಂದು ಬಗೆಯ ಧೈರ್ಯವೇ. ಆದರೆ ಈ ಚಿತ್ತಾರಗಳಿಗಿಂತ ಬೆಲೆಯುಳ್ಳದ್ದು ಪ್ರತಿಯೊಂದರ ಮೇಲಿದ್ದ ಹೆಸರು. ಕೌದಿ ಆಸ್ಪತ್ರೆಯನ್ನು ಸೇರಿದಾಗ ಗಂಡಸರು ಅದನ್ನು ಒಂದು ಪತ್ರದಂತೆ ಓದಿರಬೇಕು. ತನ್ನವಳ ಹೆಸರು ಅಲ್ಲಿ ಕಂಡವನಿಗೆ ಬೇರೆ ವಾಕ್ಯ ಬೇಕೆ? ನಾನು ಬದುಕಿದ್ದೇನೆ, ಸೂಜಿ ಹಿಡಿಯುವಷ್ಟು ಕೈ ಗಟ್ಟಿಯಾಗಿದೆ, ಎಂಬಷ್ಟನ್ನು ಆ ಆರು ಅಂಗುಲದ ಬಟ್ಟೆ ಹೇಳುತ್ತಿತ್ತು. ಮೈಮುಚ್ಚುವ ಹೊದಿಕೆಗಿಂತ ಈ ಸುದ್ದಿಯೇ ಹೆಚ್ಚು ಬೆಚ್ಚಗಿತ್ತು.

ಮೂರನೆಯ ಕೌದಿಯ ವಿಚಾರಕ್ಕೆ ಬರೋಣ. ಅದರ ಮೇಲೆ ಕೆಚ್ಚಿನ ಚಿಹ್ನೆಗಳಿಗಿಂತ ಹೂವುಗಳಂತಹ ಸೌಮ್ಯವಾದ ಚಿತ್ರಗಳೇ ಹೆಚ್ಚು. ಸೆರೆಹಿಡಿದವರಿಗೂ ಒಂದು ಕಾಣಿಕೆ ಸಂದರೆ ಉಳಿದೆರಡು ಕೌದಿಗಳು ಗೋಡೆ ದಾಟಲು ಅಪ್ಪಣೆ ದೊರೆಯುವುದು ಸುಲಭವಾಗುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದೆ ಇತ್ತೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ಹಾಗಾದರೆ ಅದು ಬರಿಯ ಉಪಾಯವೆ? ನನಗೆ ಹಾಗೆ ತೋರುವುದಿಲ್ಲ. ಆ ಕೌದಿಯ ಹಿಂಬದಿಯಲ್ಲಿಯೂ ಉಳಿದವುಗಳಂತೆಯೇ ಗಾಯಗೊಂಡವರ ನೋವಿಗೆ ನಮ್ಮ ಸಹಾನುಭೂತಿ ಎಂಬ ಮಾತು ಇದೆ. ಉಪಾಯಕ್ಕಾಗಿ ಆರಂಭಿಸಿದ ಕೆಲಸವಾದರೂ ಅರವತ್ತಾರು ತುಂಡುಗಳ ಮೇಲೆ ದಿನಗಟ್ಟಲೆ ಬಗ್ಗಿ ಕೂರಬೇಕು. ಒಂದು ಹೂವಿನ ದಳವನ್ನು ದ್ವೇಷದಿಂದ ಹೊಲಿಯುತ್ತ ಕೂರುವುದು ಕಷ್ಟ. ಯಾವ ತುಂಡಿನಲ್ಲಿ ಉಪಾಯ ಮುಗಿದು ಕರುಣೆ ಮೊದಲಾಯಿತೆಂಬುದನ್ನು ಅದನ್ನು ಹೊಲಿದವಳೂ ಹೇಳಲಾರಳು.

ಇದನ್ನು ಹೇಳುವಾಗ ಚಿತ್ರದ ಇನ್ನೊಂದು ಮಗ್ಗುಲನ್ನು ಮರೆಯಬಾರದು. ಅದೇ ಫೆಬ್ರವರಿ-ಮಾರ್ಚಿಯಲ್ಲಿ ಸಾವಿರಾರು ಚೀನೀ ಗಂಡಸರನ್ನು ಜಪಾನೀ ಸೈನ್ಯ ಹೆಕ್ಕಿ ತೆಗೆದು ಕೊಂದಿತು. ಚಾಂಗಿಯ ಕಡಲತೀರವೂ ಆ ವಧಾಸ್ಥಾನಗಳಲ್ಲಿ ಒಂದು. ಆ ವಿಧವೆಯರ ಹೆಸರುಗಳನ್ನು ಕಸೂತಿಯಲ್ಲಿ ತೆಗೆದ ಕೌದಿ ಯಾವ ವಸ್ತುಸಂಗ್ರಹಾಲಯದಲ್ಲಿಯೂ ತೂಗುಹಾಕಿಲ್ಲ. ಸೆರೆಯಲ್ಲಿದ್ದ ಬಿಳಿಯ ಹೆಂಗಸರಲ್ಲಿ ಅನೇಕರು ಅದುವರೆಗೆ ಆಳುಕಾಳುಗಳ ನಡುವೆ ಬದುಕಿದವರು, ಆಳುವ ಜನಾಂಗದವರು. ಇದನ್ನು ಹೇಳುವುದು ಅವರ ನೋವನ್ನು ಹಗುರ ಮಾಡುವುದಕ್ಕಲ್ಲ. ಬಟ್ಟೆ ಉಳಿದಲ್ಲಿ ಮಾತ್ರ ಇತಿಹಾಸಕ್ಕೆ ಹೆಸರು ಸಿಗುತ್ತದೆ. ಉಳಿಯದವರನ್ನು ನಾವೇ ನೆನೆಯಬೇಕಾಗುತ್ತದೆ.

ಅದೇ ಸೆರೆಮನೆಯಲ್ಲಿ ಇನ್ನೂ ಒಂದು ಕೌದಿ ಹುಟ್ಟಿತು. ಸಿಂಗಪುರ ಬೀಳುವ ಕೆಲವೇ ದಿನಗಳ ಹಿಂದೆ ಮದುವೆಯಾಗಿದ್ದ ಎಲಿಜಬೆತ್ ಎನ್ನಿಸ್ ಎಂಬ ದಾದಿ, ಅಲ್ಲಿನ ಹುಡುಗಿಯರನ್ನು ಕೂಡಿಸಿ ಗರ್ಲ್ ಗೈಡ್ ದಳವೊಂದನ್ನು ನಡೆಸುತ್ತಿದ್ದಳು. ವಾರಕ್ಕೊಮ್ಮೆ ಅಂಗಳದ ಮೂಲೆಯಲ್ಲಿ ಸಭೆ. ಆಕೆಯ ಹುಟ್ಟುಹಬ್ಬಕ್ಕೆ ಏನಾದರೂ ಕೊಡಬೇಕೆಂದು ಹುಡುಗಿಯರಿಗೆ ಆಸೆ. ಕೈಯಲ್ಲಿ ಕಾಸಿಲ್ಲ, ಅಂಗಡಿಯಿಲ್ಲ. ಸಿಕ್ಕಿದ ಚಿಂದಿಗಳನ್ನು ಆರು ಮೂಲೆಯ ಚೂರುಗಳಾಗಿ ಕತ್ತರಿಸಿ, ಹಳೆಯ ಬಟ್ಟೆಯ ದಾರ ಬಿಚ್ಚಿ, ಆಕೆಗೆ ತಿಳಿಯದಂತೆ ಹೂವಿನಾಕಾರದ ತುಂಡುಗಳನ್ನು ಹೊಲಿದರು. ನಡುವೆ ತಮ್ಮ ಹೆಸರುಗಳನ್ನು ತೆಗೆದರು. ದೊಡ್ಡವರ ಕೌದಿಗಳಿಗೆ ಇದೇ ಪ್ರೇರಣೆಯೆಂದು ಹೇಳುವವರೂ ಇದ್ದಾರೆ. ಈ ಮಕ್ಕಳ ಕೆಲಸ ಇಂದು ಲಂಡನ್ನಿನ ಇಂಪೀರಿಯಲ್ ಯುದ್ಧ ವಸ್ತುಸಂಗ್ರಹಾಲಯದಲ್ಲಿದೆ.

ಕೌದಿಗಳು ಗೋಡೆ ದಾಟಿದವು; ಹೊಲಿದವರು ದಾಟಲಿಲ್ಲ. ಅವರ ಸೆರೆ ಇನ್ನೂ ಮೂರು ವರ್ಷ ಮುಂದುವರಿಯಿತು. 1943ರ ಅಕ್ಟೋಬರಿನಲ್ಲಿ ಜಪಾನೀ ಸೇನಾಪೊಲೀಸರು ಸೆರೆಮನೆಯ ಮೇಲೆ ದಾಳಿಮಾಡಿ ಹಲವರನ್ನು ಚಿತ್ರಹಿಂಸೆಗೆ ಒಯ್ದರು. 1944ರಲ್ಲಿ ಎಲ್ಲರನ್ನೂ ಸೈಮ್ ರೋಡಿನ ಶಿಬಿರಕ್ಕೆ ಸಾಗಿಸಿದರು. ಹಸಿವು ಏರಿದಂತೆ ಹೆಂಗಸರು ಮನೆಯ ಅಡಿಗೆಗಳನ್ನು ಬಾಯಲ್ಲೇ ಮಾಡಿ ಬಡಿಸಿ ತೃಪ್ತಿಪಡುತ್ತಿದ್ದರು. ಮಲ್ವಾನಿ ಆ ಪಾಕಗಳನ್ನೆಲ್ಲ ಬರೆದಿಟ್ಟುಕೊಂಡಳು. ಬಿಡುಗಡೆಯಾದ ಮೇಲೆ ಅವನ್ನು ಪುಸ್ತಕವಾಗಿ ಅಚ್ಚುಹಾಕಿಸಿ ಮಾರಿ, ಬಂದ ಹಣವನ್ನು ಆಸ್ಪತ್ರೆಗಳಲ್ಲಿದ್ದ ಮಾಜಿ ಬಂದಿಗಳ ಉಪಚಾರಕ್ಕೆ ವಿನಿಯೋಗಿಸಿದಳು. ಕೌದಿಯ ಯೋಚನೆ ಹೊಳೆದ ಮನಸ್ಸಿಗೆ ಇದೂ ಹೊಳೆದುದರಲ್ಲಿ ಆಶ್ಚರ್ಯವಿಲ್ಲ.

ಆಸ್ಟ್ರೇಲಿಯದ ಮತ್ತು ಜಪಾನಿನ ಗಾಯಾಳುಗಳಿಗೆಂದು ಹೊಲಿದ ಕೌದಿಗಳೆರಡೂ ಕ್ಯಾನ್‌ಬೆರಾ ನಗರದ ಯುದ್ಧಸ್ಮಾರಕವನ್ನು ಸೇರಿವೆ. ಅಂದಿನ ವೈರಿಗಳ ಹೆಸರಿನ ಬಟ್ಟೆಗಳು ಈಗ ಒಂದೇ ಮನೆಯಲ್ಲಿವೆ. ಬ್ರಿಟಿಷರಿಗೆಂದು ಹೊಲಿದುದು ಬ್ರಿಟಿಷ್ ರೆಡ್‌ಕ್ರಾಸಿನ ಬಳಿ ಇದೆ. ಆಸ್ಟ್ರೇಲಿಯದ ಕೌದಿಯ ಹಿಂಬದಿಯಲ್ಲಿ, ಯುದ್ಧ ಮುಗಿದ ಮೇಲೆ ಇದನ್ನು ಆಸ್ಟ್ರೇಲಿಯದ ರೆಡ್‌ಕ್ರಾಸಿಗೆ ಒಪ್ಪಿಸಬೇಕೆಂಬ ಕೋರಿಕೆಯಿದೆ. ಅದರ ಕೆಳಗೆ ಇನ್ನೊಂದು ಸೂಚನೆ: ಈ ಹೊದಿಕೆಯನ್ನು ಡ್ರೈಕ್ಲೀನ್ ಮಾಡಿಸುವುದು ಒಳಿತು!

ಈ ಸಾಲನ್ನು ಕುರಿತು ನಾನು ಬಹಳ ಯೋಚಿಸಿದ್ದೇನೆ. ನಾಳೆಯ ತುತ್ತಿಗೆ ಭರವಸೆಯಿಲ್ಲದ ಸೆರೆಯಲ್ಲಿ ಕುಳಿತ ಹೆಣ್ಣುಮಗಳೊಬ್ಬಳು, ಬಟ್ಟೆಯ ಬಣ್ಣ ಬಿಟ್ಟೀತೆಂದು ಎಚ್ಚರಿಸುತ್ತಿದ್ದಾಳೆ. ಯುದ್ಧ ಮುಗಿಯುತ್ತದೆ, ಅಗಸರ ಅಂಗಡಿಗಳು ಮತ್ತೆ ತೆರೆಯುತ್ತವೆ, ಆಗ ಯಾರೋ ಒಬ್ಬರು ಇದನ್ನು ಜೋಪಾನ ಮಾಡುತ್ತಾರೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇಲ್ಲ. ವಿಜಯದ ‘ವಿ’ ಅಕ್ಷರಕ್ಕಿಂತ ಈ ಗೃಹಿಣಿಯ ಎಚ್ಚರಿಕೆಯಲ್ಲಿ ನನಗೆ ಹೆಚ್ಚಿನ ನಂಬಿಕೆ ಕಾಣುತ್ತದೆ. ನಮ್ಮ ಸಿದ್ದಿ ಅಜ್ಜಿಯರು ಮೂಲೆಗೆ ಇಡುವ ಹೂವಿನ ಹಾಗೆ, ಅದೂ ಚಳಿಗೆ ಬೇಕಾದುದಲ್ಲ. ಅದಿಲ್ಲದಿದ್ದರೆ ಮಾತ್ರ ಕೌದಿ ಬತ್ತಲೆ.