ಬೆಳ್ಗೊಳದ ಬಸದಿಗಳು, ಅವನ್ನು ಕಟ್ಟಿಸಿದವರು

ಹಾಸನ ಜಿಲ್ಲೆಯ ಜೈನ ಕಲೆಯ ಬಹುಪಾಲು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಎದುರುಬದುರು ನಿಂತ ಚಿಕ್ಕಬೆಟ್ಟ, ದೊಡ್ಡಬೆಟ್ಟವೆಂಬ ಎರಡು ಕಲ್ಲುಬೆಟ್ಟಗಳ ಮೇಲೂ ನಡುವಿನ ಊರಿನಲ್ಲೂ ಉಳಿದಿದೆ. ಇಲ್ಲಿ ಕಟ್ಟಿಸಿದವರಲ್ಲಿ ಪಟ್ಟವೇರಿದ ಅರಸರು ಕಡಿಮೆ. ಮಂತ್ರಿಗಳು, ದಂಡನಾಯಕರು, ಭಂಡಾರಿಗಳು, ಅವರ ತಾಯಿ-ಮಡದಿಯರು, ವರ್ತಕರು ಹಣ ಹಾಕಿದರು. ಅರಸರ ಪಾಲು ಹೆಚ್ಚಾಗಿ ದತ್ತಿ ಬಿಟ್ಟ ಊರುಗಳ ರೂಪದಲ್ಲಿ ಬಂದಿತು.

ಚಿಕ್ಕಬೆಟ್ಟ ಮೊದಲಿಗೆ ಸಲ್ಲೇಖನದ, ಎಂದರೆ ಉಪವಾಸವ್ರತದಿಂದ ದೇಹ ಬಿಡುವವರ ನೆಲೆ. ಅಲ್ಲಿನ ಸುಮಾರು ಕ್ರಿ.ಶ. 600ರ ಶಾಸನ ಉತ್ತರದಿಂದ ಬಂದ ಮುನಿಸಂಘವನ್ನೂ ಸಮಾಧಿಮರಣವನ್ನೂ ದಾಖಲಿಸುತ್ತದೆ. ಮುಂದಿನ ಶತಮಾನಗಳ ನಿಸಿಧಿ ಶಾಸನಗಳು ಬಂಡೆಯ ಮೇಲೇ ಹರಡಿವೆ. ರಾಷ್ಟ್ರಕೂಟರ ಕೊನೆಯ ಅರಸ ನಾಲ್ಕನೇ ಇಂದ್ರ 982ರಲ್ಲಿ ಇಲ್ಲಿಯೇ ಸಲ್ಲೇಖನ ಕೈಗೊಂಡ. ಗಂಗ ಅರಸ ಮಾರಸಿಂಹನ ನೆನಪಿಗೆ ನಿಂತದ್ದು ಕೂಗೆ ಬ್ರಹ್ಮದೇವ ಕಂಬ.

ದೊಡ್ಡಬೆಟ್ಟದ ಗೊಮ್ಮಟನನ್ನು ಮಾಡಿಸಿದವನು ಗಂಗರ ಮಂತ್ರಿ, ದಂಡನಾಯಕ ಚಾವುಂಡರಾಯ. ಕಾಲ ಸುಮಾರು 981–983. ಬೆಟ್ಟದ ನೆತ್ತಿಯ ಒಂದೇ ಬಂಡೆಯಲ್ಲಿ ಸುಮಾರು 58 ಅಡಿ ಎತ್ತರದ ಮೂರ್ತಿ ಮೂಡಿತು. ಕಾಲಿನ ಎರಡು ಬದಿಯ ಹುತ್ತ ಮತ್ತು ಮೈಗೆ ಹಬ್ಬಿದ ಬಳ್ಳಿ ಬಾಹುಬಲಿಯ ತಪಸ್ಸಿನ ಕಥೆಯವು. ಶಿಲ್ಪಿಗೆ ಅದರಿಂದ ಇನ್ನೊಂದು ಅನುಕೂಲವೂ ಇತ್ತು: ತೊಡೆಯವರೆಗಿನ ಭಾಗಕ್ಕೆ ಬಂಡೆಯ ಒತ್ತಾಸೆ, ಅಲ್ಲಿಂದ ಮೇಲೆ ಮೂರ್ತಿ ಆಸರೆಯಿಲ್ಲದೆ ನಿಲ್ಲುತ್ತದೆ. ಪಾದದ ಬಳಿಯ ಕಿರುಶಾಸನಗಳು ಮಾಡಿಸಿದವನ ಹೆಸರನ್ನು ಕನ್ನಡ, ತಮಿಳು, ಮರಾಠಿಗಳಲ್ಲಿ ಹೇಳುತ್ತವೆ. ಯಾತ್ರಿಕರು ಯಾವ ಯಾವ ಸೀಮೆಯಿಂದ ಬರುತ್ತಿದ್ದಿರಬಹುದೆಂಬುದಕ್ಕೆ ಇದೊಂದು ಸುಳಿವು. ಮೂರ್ತಿಯ ಸುತ್ತಾಲಯ ಮಾತ್ರ ನೂರಕ್ಕೂ ಹೆಚ್ಚು ವರ್ಷ ತಡವಾಗಿ, ಹೊಯ್ಸಳ ದಂಡನಾಯಕ ಗಂಗರಾಜನಿಂದ ಆಯಿತು.

ಹೊಯ್ಸಳ ಅರಸ ವಿಷ್ಣುವರ್ಧನನ ಕಾಲದಲ್ಲಿ ಚಿಕ್ಕಬೆಟ್ಟ ಬಸದಿಗಳಿಂದ ತುಂಬಿತು. ಗಂಗರಾಜ 1118ರ ಸುಮಾರಿಗೆ ತಾಯಿ ಪೋಚವ್ವೆಗಾಗಿ ಕತ್ತಲೆ ಬಸದಿಯನ್ನು ಕಟ್ಟಿಸಿದ. ಎರಡುಕಟ್ಟೆ ಬಸದಿ ಅವನ ಮಡದಿ ಲಕ್ಷ್ಮಿಯದು. ರಾಣಿ ಶಾಂತಲೆ 1123ರಲ್ಲಿ ಶಾಂತಿನಾಥನನ್ನು ಪ್ರತಿಷ್ಠಿಸಿದಳು. ಸವತಿಗಂಧವಾರಣ (ಸವತಿಯರ ಪಾಲಿಗೆ ಮದ್ದಾನೆ) ಎಂಬ ಆಕೆಯ ಬಿರುದೇ ಬಸದಿಗೂ ಹೆಸರಾದದ್ದು, ಶಾಂತಿನಾಥನ ಮನೆಗೆ ತುಸು ಬಿರುಸಾದ ಹೆಸರೇ. ಬೇಲೂರಿನ ಗುಡಿ ಎದ್ದದ್ದೂ ಇದೇ ಅರಸನ ಕಾಲದಲ್ಲಿ. ಆದರೂ ಬೆಟ್ಟದ ಬಸದಿಗಳ ಗೋಡೆಗಳಲ್ಲಿ ಅಲ್ಲಿನ ಕುಸುರಿ ಇಲ್ಲ. ಗಡಸು ಕಣಶಿಲೆ ಒಂದು ಕಾರಣ, ಗಂಗರ ಕಾಲದಿಂದ ಬಂದ ಸರಳ ಕಟ್ಟಡದ ರೂಢಿ ಇನ್ನೊಂದು. ಚಂದ್ರಗುಪ್ತ ಬಸದಿಯ ಜಾಲಂಧ್ರಗಳದು ಬೇರೆ ಬಗೆ. ಭದ್ರಬಾಹು ಮುನಿ ಮತ್ತು ಮೌರ್ಯ ಚಂದ್ರಗುಪ್ತರ ಕಥೆಯನ್ನು ಅಲ್ಲಿ ಪುಟ್ಟ ಚೌಕಗಳಲ್ಲಿ ಕೊರೆಯಲಾಗಿದ್ದು, ಶಿಲ್ಪಿ ದಾಸೋಜನ ಹೆಸರಿದೆ. ಬೇಲೂರಿನ ಮದನಿಕೆಗಳ ಶಿಲ್ಪಿಗಳಲ್ಲೂ ಒಬ್ಬ ದಾಸೋಜನುಂಟು. ಇಬ್ಬರೂ ಒಬ್ಬನೇ ಎಂದು ಊಹಿಸಿದವರಿದ್ದಾರೆ.

ಬೆಟ್ಟದಿಂದ ಇಳಿದ ಮೇಲೆ ಬಳಪದ ಕಲ್ಲು ಕೈಗೆ ಬಂದಿತು. ಊರಿನ ಅಕ್ಕನ ಬಸದಿ (1181) ಅಪ್ಪಟ ಹೊಯ್ಸಳ ಶೈಲಿಯದು. ಕಟ್ಟಿಸಿದ ಆಚಿಯಕ್ಕ ಜೈನಳು, ಗಂಡ ಚಂದ್ರಮೌಳಿ ಇಮ್ಮಡಿ ಬಲ್ಲಾಳನ ಬ್ರಾಹ್ಮಣ ಮಂತ್ರಿ. ಅರಸ ಬೊಮ್ಮೆಯನಹಳ್ಳಿಯನ್ನು ದತ್ತಿ ಕೊಟ್ಟ. ಅದಕ್ಕೂ ಮೊದಲು, 1159ರಲ್ಲಿ, ಹಿರಿಯ ಭಂಡಾರಿ ಹುಳ್ಳ ಇಪ್ಪತ್ತನಾಲ್ಕು ತೀರ್ಥಂಕರರಿಗೆ ಒಂದೇ ಉದ್ದನೆಯ ಗರ್ಭಗುಡಿಯಿರುವ ಭಂಡಾರಿ ಬಸದಿಯನ್ನು ಕಟ್ಟಿಸಿದ್ದ. ಅದಕ್ಕೆ ಒಂದನೇ ನರಸಿಂಹ ಸವಣೇರನ್ನು ಬಿಟ್ಟ. ವರ್ತಕರ ಪೋಷಣೆಗೆ ನಗರ ಜಿನಾಲಯ ಸಾಕ್ಷಿ. ಪಕ್ಕದ ಜಿನನಾಥಪುರದಲ್ಲಿ ದಂಡನಾಯಕ ರೇಚಣ 1200ರ ಸುಮಾರಿಗೆ ಮಾಡಿಸಿದ ಶಾಂತಿನಾಥ ಬಸದಿಯ ಹೊರಗೋಡೆಯ ತುಂಬ ಯಕ್ಷಯಕ್ಷಿಯರೂ ನರ್ತಕಿಯರೂ ಇದ್ದಾರೆ. ಈ ಸೀಮೆಯ ಜೈನ ಶಿಲ್ಪದಲ್ಲಿ ಅಷ್ಟು ಸಿರಿವಂತ ಗೋಡೆ ಇನ್ನೊಂದಿಲ್ಲ.

ಬೆಳ್ಗೊಳದ ಹೊರಗೂ ಇದೇ ವರ್ಗದವರು ಕಟ್ಟಿಸಿದರು. ಹಾಸನ ತಾಲ್ಲೂಕಿನ ಮರ್ಕುಲಿಯ ಬಸದಿ (1173) ಬಲ್ಲಾಳನ ಮಂತ್ರಿ ಬೂಚಿರಾಜನದು. ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ತಂದೆ ಗಂಗರಾಜನ ನೆನಪಿಗೆ ಬೊಪ್ಪ ಕಟ್ಟಿಸಿದ. ಅದರ ನವರಂಗದ ಕಡೆದ ಕಂಬಗಳು ಕನ್ನಡಿಯ ಹೊಳಪಿನವು. ಅರಕಲಗೂಡು ಸೀಮೆಯನ್ನೂ ಉತ್ತರ ಕೊಡಗನ್ನೂ ಆಳಿದ ಕೊಂಗಾಳ್ವರು 11ನೇ ಶತಮಾನದಲ್ಲಿ ಜೈನ ಗುರುಗಳಿಗೆ ಆಶ್ರಯವಿತ್ತಿದ್ದರು.

ಹೊಯ್ಸಳರ ನಂತರ ದೊಡ್ಡ ಕಟ್ಟಡಗಳು ಅಪರೂಪವಾದವು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯ ತೀರ್ಮಾನಿಸಿದ ಶಾಸನ ಭಂಡಾರಿ ಬಸದಿಯಲ್ಲಿದೆ. ಬಳಿಕ ಕಲೆ ಕಲ್ಲಿನಿಂದ ಗೋಡೆಗೂ ಲೋಹಕ್ಕೂ ಸರಿಯಿತು. ಜೈನಮಠದ ಭಿತ್ತಿಚಿತ್ರಗಳಲ್ಲಿ ತೀರ್ಥಂಕರರ ಜೊತೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರೂ ಇದೆ; ಮಠದ ಲೋಹದ ಬಿಂಬಗಳಲ್ಲಿ ಅನೇಕವು 19ನೇ ಶತಮಾನದಲ್ಲಿ ತಮಿಳುನಾಡಿನ ಜೈನರು ಮಾಡಿಸಿಕೊಟ್ಟವು.